ಮೋಸಂಬಿಗೆ ಸೂಜಿ ಚುಚ್ಚಿದವರು

ಇದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ. ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಲ್ಲಿ ಬಂಡಿಯ ಮೇಲಿನ ಮೋಸಂಬಿಯೊಂದನ್ನು ಕೈಗೆತ್ತಿಕೊಂಡೆ. ಸಿಪ್ಪೆಯಲ್ಲಿ ಸೂಜಿಮೊನೆಯಷ್ಟು ತೂತು, ಸುತ್ತ ಕಂದು ಕಲೆ, ಹುಳಿತ ವಾಸನೆ. ಕಮಲಾಪುರದಲ್ಲಿರುವ ನನ್ನ ಕಾಕಾನ ಹೆಂಡತಿ ಚಿಗವ್ವನ ಹಿತ್ತಲು ಕಣ್ಣಿಗೆ ಕಟ್ಟಿತು. ಕಣ್ಣಿಗೆ ಕಟ್ಟಿದ್ದನ್ನೆಲ್ಲ ನಂಬುವ ಕಾಯಿಲೆ ನಮ್ಮ ಮನೆತನದಲ್ಲಿದೆ. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು, ಸ್ವಲ್ಪ ತಡವಾಗಿ ನಂಬುತ್ತೇನೆ.

ಕೆಲವು ವರ್ಷಗಳ ಹಿಂದೆ ಚಿಗವ್ವನ ಮೋಸಂಬಿ ಗಿಡದ ಹಣ್ಣೆಲ್ಲ ಹೀಗೆ ತೂತುಬಿದ್ದು ಉದುರುತ್ತಿದ್ದವು. ನಿಂಬೆಹಣ್ಣಿಗೆ ಸೂಜಿ ಚುಚ್ಚಿ ಮಾಟ ಮಾಡುತ್ತಾರೆಂಬುದು ಊರಿಗೆಲ್ಲ ಗೊತ್ತಿದ್ದ ವಿಜ್ಞಾನ. ಗೋಡೆಯಾಚೆಯ ರಜಿಯಾಬಿ ಕುಪ್ಪಸ ಹೊಲಿಯುವವಳು, ಮನೆತುಂಬ ಸೂಜಿ. ಪುರಾವೆ ಇನ್ನೇನು ಬೇಕು? ಕಾಕಾ ತೀರಿಕೊಂಡ ಮೇಲೆ ಚಿಗವ್ವನ ಜೊತೆ ದಿನಾ ಕೂತು ಚಹಾ ಕುಡಿಯುತ್ತಿದ್ದವಳು ಅವಳೊಬ್ಬಳೇ ಎಂಬುದೂ ಅಡ್ಡ ಬರಲಿಲ್ಲ.

ರಜಿಯಾಬಿ ಗೋಡೆಯ ಮೇಲಿಂದ ಹೇಳಿದಳು: "ನಾ ಕುಪ್ಪಸಕ್ಕ ಸೂಜಿ ಹಾಕ್ತೀನಿ ಅಕ್ಕಾ. ಮೋಸಂಬಿಗಿ ತೋಳು ಹಚ್ಚೋದು ನನಗ ಬರಲ್ಲ."

ಚಿಗವ್ವ ನಗಲಿಲ್ಲ. ಚಹಾ ನಿಂತಿತು.

ಆಗ ವಿದ್ಯಾವಂತನಾದ ನನ್ನ ರಂಗಪ್ರವೇಶ. ಗಿಡಕ್ಕೆ ಅಂಟಿದ್ದ ಒಣ ಎಲೆಯೊಂದನ್ನು ತೋರಿಸಿ, ಇದು ಎಲೆಯಲ್ಲ, ಕಾಡಿನ ಪತಂಗ, ಹಗಲೆಲ್ಲ ಹೀಗೆ ಸತ್ತಂತೆ ಕೂತು ಕತ್ತಲಾದ ಮೇಲೆ ಹಣ್ಣಿನ ರಸ ಹೀರುತ್ತದೆ ಎಂದು ಉಪನ್ಯಾಸ ಕೊಟ್ಟೆ. ನಡುನರ, ಮುದುಡಿದ ಅಂಚು, ಎಲ್ಲ ಎಲೆಯದೇ. ಕಡ್ಡಿಯಿಂದ ಮುಟ್ಟಿದೆ. ಕಿತ್ತಳೆ ಬಣ್ಣದ ಒಳರೆಕ್ಕೆ ಫಕ್ಕನೆ ತೆರೆದು, ಅದು ಗೋಡೆ ದಾಟಿ ರಜಿಯಾಬಿಯ ಅಂಗಳಕ್ಕೆ ಹಾರಿತು. ಗೋಡೆ ದಾಟಿದ್ದನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು. ಕಥೆಗೆ ಅಷ್ಟು ಅನುಕೂಲವಾಗಿ ಹಾರುವ ಪತಂಗವನ್ನು ನಾನೇ ನಂಬಲಾರೆ.

"ನೋಡಿದಿ?" ಅಂದಳು ಚಿಗವ್ವ. "ಒಣಾ ಎಲಿ ಹಾರ್ಕೋತ ಆಕಿ ಮನಿಗೇ ಹೋತು. ಇನ್ನಾ ಮಾಟ ಅಲ್ಲಂತಿ?"

"ಅದಕ್ಕ ಸೊಂಡಿಲು ಅದ ಚಿಗವ್ವ. ಅದರಿಂದನೇ ಚುಚ್ತದ."

"ಸೊಂಡಿಲಿರಾಕ ಅದೇನು ಆನಿ ಮರಿಯೇನು? ಇದನ್ನ ಕಲೀಲಿಕ್ಕ ನಿಮ್ಮಪ್ಪ ನಿನಗ ಕಲಬುರಗಿಗಿ ಕಳಿಸಿದ್ದನಾ?"

ಚಿಗವ್ವ, ರಜಿಯಾಬಿ ಇಬ್ಬರೂ ಇಂದಿಗೂ ಬೇರೆ ಬೇರೆ ಚಹಾ ಕುಡಿಯುತ್ತಾರೆ.

ಮೊನ್ನೆ ಮನೆಗೆ ಬಂದವನೇ ಕೀಟಗಳ ಪುಸ್ತಕ ತೆರೆದೆ. ಸಿಪ್ಪೆ ಕೊರೆಯುವ ಗಟ್ಟಿ ಸೊಂಡಿಲು ಅಲ್ಲಿತ್ತು. ರಜಿಯಾಬಿಯ ಸೂಜಿ ನಿರಪರಾಧಿಯೆಂದು ಚಿಗವ್ವನಿಗೆ ಹೇಳಲು ಫೋನನ್ನೂ ಎತ್ತಿಕೊಂಡೆ. ಮುಂದಿನ ಸಾಲು ಓದಿ ಕೆಳಗಿಟ್ಟೆ. ಹಿಂದೊಮ್ಮೆ ಚಿಗವ್ವನಿಗೆ ಜ್ವರ ಬಂದಾಗ, ಕಷಾಯಕ್ಕೆ ಬೇಕಾಗುತ್ತದೆಂದು ಅಮೃತಬಳ್ಳಿಯ ಕಡ್ಡಿ ತಂದು ಹಿತ್ತಲ ಬೇವಿಗೆ ಹಬ್ಬಿಸಿದವಳು ರಜಿಯಾಬಿ. ಆ ಸಾಲನ್ನು ಕೇಳಿದರೆ, ಮಾಟ ಆ ಬಳ್ಳಿಯಲ್ಲೇ ಇತ್ತು ಎನ್ನುತ್ತಾಳೆ ಚಿಗವ್ವ. ನನ್ನ ನೆನಪಿನಲ್ಲಿ ಉಳಿದದ್ದೆಲ್ಲ ಸುಳ್ಳಿರಬಹುದು, ಇದನ್ನು ಮಾತ್ರ ಬೇರೆ ಪುಸ್ತಕಗಳಲ್ಲೂ ನೋಡಿ ಖಚಿತಪಡಿಸಿಕೊಂಡಿದ್ದೇನೆ: ಆ ಪತಂಗದ ಮರಿಹುಳು ಬೆಳೆಯುವುದು ಅಮೃತಬಳ್ಳಿಯ ಎಲೆ ತಿಂದು.