ಒಂದೇ ರಕ್ತ, ಎರಡು ಉತ್ತರ

2024ರ ರಮ್ಜಾನ್ ತಿಂಗಳು. ದುಬೈಯ ಊದ್ ಮೇಥಾದ ಒಂದು ಲ್ಯಾಬಿನಲ್ಲಿ, ರಕ್ತ ಹೆಪ್ಪುಗಟ್ಟುವಿಕೆಯ ವಿಭಾಗದಲ್ಲಿ ನಾನು ಟೆಕ್ನಾಲಜಿಸ್ಟ್ ಆಗಿದ್ದೆ. ಅಬುಧಾಬಿಯ ಕ್ಲಿನಿಕ್ಕೊಂದರಿಂದ ಉಡುಪಿಯ ವನಿತಾ ಎಂಬವರ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮಂಜುಗಡ್ಡೆಯಾಗಿ ಬಂತು. ಎರಡು ಬಾರಿ ನಾಲ್ಕನೇ ತಿಂಗಳಲ್ಲಿ ಗರ್ಭಪಾತವಾಗಿತ್ತು; ಇದು ಮೂರನೆಯ ಬಸಿರು. ಲೂಪಸ್ ಆಂಟಿಕೋಆಗ್ಯುಲೆಂಟ್ ಎಂಬ ಪ್ರತಿಕಾಯ ಸಿಕ್ಕಿದರೆ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಇಂಜೆಕ್ಷನ್, ಇಲ್ಲದಿದ್ದರೆ ಬೇಡ ಎಂದು ಡಾಕ್ಟರು ನಿರ್ಧರಿಸಿದ್ದರು. ಮೊದಲೇ ಹೆಪಾರಿನ್ ಕೊಟ್ಟರೆ ಪರೀಕ್ಷೆ ಗೊಂದಲವಾಗುತ್ತದೆಂದು ರಿಪೋರ್ಟಿಗೆ ಕಾಯುತ್ತಿದ್ದರು.

ಈ ಪ್ರತಿಕಾಯ ದೇಹದೊಳಗೆ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ; ಬಸುರಿಯಲ್ಲಿ ಅದರಿಂದ ಗರ್ಭಪಾತವಾಗಬಹುದು. ಟ್ಯೂಬಿನಲ್ಲಿ ಮಾತ್ರ ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ. ಆ ತಡವನ್ನು ಎರಡು ಪರೀಕ್ಷೆಗಳಲ್ಲಿ ಅಳೆಯುತ್ತೇವೆ: ಹಾವಿನ ವಿಷ ಬಳಸುವ ಡಿಆರ್‌ವಿವಿಟಿ, ಸಿಲಿಕಾ ಬಳಸುವ ಎಪಿಟಿಟಿ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಬಹುದು. ಸಹಜ ಸಮಯಕ್ಕೆ ಹೋಲಿಸಿದ ಅನುಪಾತ ನಮ್ಮಲ್ಲಿ 1.2 ದಾಟಿದರೆ ಅನುಮಾನ. ವನಿತಾರ ಡಿಆರ್‌ವಿವಿಟಿ 1.1, ಎಪಿಟಿಟಿ 1.3. ಖಚಿತಪಡಿಸಲು ಫಾಸ್ಫೋಲಿಪಿಡ್ ಎಂಬ ಕೊಬ್ಬಿನಂಶವನ್ನು ಹೆಚ್ಚಿಸಿ ನೋಡಿದೆ. ಪ್ರತಿಕಾಯವಿದ್ದರೆ ಎಪಿಟಿಟಿ ಸಮಯ ಇಳಿಯಬೇಕು; ಆದರೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

“ನೆಗೆಟಿವ್ ಅಂತ ಹಾಕು ಮಾರಾಯ್ತಿ, ಡಾಕ್ಟ್ರ ಫೋನ್ ನಿಲ್ತಾ ಇಲ್ಲ,” ಎಂದರು ನಮ್ಮ ಸೀನಿಯರ್, ಮಂಗಳೂರಿನ ಲವೀನಾ ಮೇಡಂ.

“ಎರಡು ಟೆಸ್ಟೂ ಒಂದಕ್ಕೊಂದು ಒಪ್ತಾ ಇಲ್ಲ ಮೇಡಂ.”

“ಒಪ್ಪದಿದ್ರೆ ನಾವೆಂತ ಕೂತು ಪಂಚಾತಿಕೆ ಮಾಡುದಾ?”

ನಾನು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಅಲ್ಲಿನ ಟೆಕ್ನೀಷಿಯನ್ ಕುಂದಾಪುರದವನು. ಕಣಗಳನ್ನು ಬೇರ್ಪಡಿಸಲು ಪ್ಲಾಸ್ಮಾವನ್ನು ಯಂತ್ರದಲ್ಲಿ ಎಷ್ಟು ಸಲ ಸ್ಪಿನ್ ಮಾಡಿದ್ದೆಂದು ಕೇಳಿದೆ.

“ಒಂದೇ ಸಲ. ಇಫ್ತಾರಿನೊಳಗೆ ದುಬೈ ಮುಟ್ಬೇಕು ಅಂತ ವ್ಯಾನ್ ಡ್ರೈವರ್ ಬಾಗಿಲಲ್ಲೇ ನಿಂತು ಯಲ್ಲಾ, ಯಲ್ಲಾ ಅಂತಿದ್ದ.”

ಎರಡು ಸಲ ತಿರುಗಿಸದಿದ್ದರೆ ಪ್ಲಾಸ್ಮಾದಲ್ಲಿ ಪ್ಲೇಟ್‌ಲೆಟ್‌ಗಳು ಉಳಿಯುತ್ತವೆ. ಫ್ರೀಜ್ ಮಾಡಿದಾಗ ಅವು ಒಡೆದು ಫಾಸ್ಫೋಲಿಪಿಡ್ ಹೊರಬಿಡುತ್ತವೆ. ಪ್ರತಿಕಾಯ ಅದಕ್ಕೇ ಅಂಟಿಕೊಂಡು ಪರೀಕ್ಷೆಗೆ ಸಿಗದೆ ಹೋಗಬಹುದು.

ಇದನ್ನು ಹೇಳಿದಾಗ ಲವೀನಾ ಮೇಡಂ ಕನ್ನಡಕ ತೆಗೆದಿಟ್ಟರು. “ಖಲಾಸ್. ಆ ರಿಪೋರ್ಟ್ ಹೋಗುದು ಬೇಡ. ಆ ಪೇಷೆಂಟನ್ನೇ ಇಲ್ಲಿಗೆ ಕರೆಸು.”

ಮರುದಿನ ವನಿತಾ ಗಂಡನೊಂದಿಗೆ ಬಂದರು. “ಇನ್ನೊಮ್ಮೆ ರಕ್ತ ಯಾಕೆ? ಇವಳಿಗೆ ಎಂತಾದ್ರೂ ಉಂಟಾ?” ಎಂದು ಗಂಡ ಕೇಳಿದರು. ರಕ್ತ ತೆಗೆದು, ಎರಡು ಸಲ ಸ್ಪಿನ್ ಮಾಡಿ, ಯಂತ್ರದ ಮುಂದೆ ನಿಂತೆ. ಡಿಆರ್‌ವಿವಿಟಿ 1.6. ಫಾಸ್ಫೋಲಿಪಿಡ್ ಹೆಚ್ಚಿಸಿದೊಡನೆ ಸಮಯ ಸಹಜಕ್ಕೆ ಇಳಿಯಿತು. ಎಪಿಟಿಟಿಯೂ ಅದನ್ನೇ ಹೇಳಿತು. ಪಾಸಿಟಿವ್. ಹನ್ನೆರಡು ವಾರಗಳ ನಂತರ ಮತ್ತೆ ನೋಡಿಯೇ ಖಚಿತಪಡಿಸಬೇಕು; ಆದರೆ ಡಾಕ್ಟರು ಅಷ್ಟು ಕಾಯದೆ ಅಂದೇ ಇಂಜೆಕ್ಷನ್ ಆರಂಭಿಸುವುದಾಗಿ ದಂಪತಿಗೆ ಫೋನಿನಲ್ಲಿ ತಿಳಿಸಿದರು.

ಎರಡು ಪರೀಕ್ಷೆಗಳು ಬೇರೆ ಬೇರೆ ಹೇಳಿದರೆ, ಯಾವುದು ಸರಿ ಎನ್ನುವ ಮೊದಲು ರಕ್ತ ನನ್ನ ಕೈಗೆ ಹೇಗೆ ಬಂತೆಂದು ಈಗ ವಿಚಾರಿಸುತ್ತೇನೆ. ನೆಗೆಟಿವ್ ಎಂದು ಬರೆಯುವುದು ಎಷ್ಟು ಭಾರದ ಕೆಲಸವೆಂದು ತಿಳಿದದ್ದು ಮಾತ್ರ ಆ ದಿನ, ರಿಸೆಪ್ಷನ್‌ನಲ್ಲಿ. “ಪಾಸಿಟಿವ್ ಅಂದ್ರೆ ಕೆಟ್ಟದ್ದಲ್ವಾ?” ಎಂದು ಗಂಡ ಕಂಗಾಲಾಗಿ ಕೇಳುತ್ತಿದ್ದರು.

ವನಿತಾ ಚೀಲ ಹೆಗಲಿಗೇರಿಸಿದರು. “ಎರಡು ಸಲ ಯಾಕೆ ಹೋಯ್ತು ಅಂತ ಇಷ್ಟು ದಿನ ಯಾರೂ ಹೇಳ್ಲಿಲ್ಲ, ಇವ್ರೇ. ಈಗ ಹೇಳಿದ್ರಲ್ಲ. ನಡೀರಿ.”