ನೀರುಗಂಟಿಯ ಮಗಳ ಸರದಿ

ಕಳೆದ ಮಂಗಳವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ನಾನು ಮಂಡ್ಯದ ಹತ್ತಿರ, ವಿ.ಸಿ. ಫಾರಂ ದಾರಿಯ ಒಂದು ಗೊಬ್ಬರದ ಅಂಗಡಿಯಲ್ಲಿ, ಯೂರಿಯಾ ಚೀಲಗಳಿಗೂ ಗಲ್ಲಾಪೆಟ್ಟಿಗೆಗೂ ನಡುವೆ ನಿಂತಿದ್ದೆ. ಎಲ್ಲೋ ಕೀಟನಾಶಕದ ಡಬ್ಬ ಸೋರುತ್ತಿತ್ತು. ಆ ಘಾಟು ಗಂಟಲಿಗೆ ಹತ್ತಿದ ಕೂಡಲೇ ಮದ್ದೂರಿನ ಒಂದು ಮೆಟ್ಟಿಲು ಕಣ್ಣಿಗೆ ಬಂತು. ಅಂಗಡಿಯವನು ಏನು ಬೇಕೆಂದು ಎರಡು ಸಲ ಕೇಳಿದನಂತೆ... ನನಗೆ ಕೇಳಿಸಲಿಲ್ಲ.

ಮದ್ದೂರಿನ ಆ ಕಟ್ಟಡದಲ್ಲಿ ನಾವು ಮೂವರಿದ್ದೆವು. ರಸ್ತೆಗೆ ಮುಖ ಮಾಡಿ ಗೊಬ್ಬರದ ಅಂಗಡಿ. ಅದರ ಯಜಮಾನರೇ ಕಟ್ಟಡಕ್ಕೂ ಮಾಲೀಕರು, ನಿಡಘಟ್ಟದ ಕಡೆ ಗದ್ದೆ ಇದ್ದವರು. ಪಕ್ಕದ ಗೂಡಿನಲ್ಲಿ ನನ್ನ ಜೆರಾಕ್ಸ್ ಅಂಗಡಿ. ಮಹಡಿಯ ಒಂದೇ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು. ಅದನ್ನು ನಡೆಸುತ್ತಿದ್ದವರನ್ನು ನಾವೆಲ್ಲ ಮೇಡಮ್ ಎನ್ನುತ್ತಿದ್ದೆವು. ಮಳವಳ್ಳಿ ಕಡೆಯವರು. ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು, ಅದರ ಕೆಳಗೆ ಕಂಪ್ಯೂಟರುಗಳು. ಅವರ ತಂದೆ ಊರಿನ ನೀರುಗಂಟಿಯಾಗಿದ್ದರು. ತೂಬು ಎತ್ತಿ, ಸರದಿಯ ಪ್ರಕಾರ ಒಬ್ಬೊಬ್ಬರ ಗದ್ದೆಗೂ ನಾಲೆಯ ನೀರು ತಿರುಗಿಸುವುದು ಅವರ ಕೆಲಸ. ಸ್ವಂತಕ್ಕೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ.

ಇಡೀ ಕಟ್ಟಡಕ್ಕೆ ಫೋನ್ ತಂತಿಯಲ್ಲಿ ಬರುವ ಒಂದೇ ನೆಟ್ ಲೈನು. ಅದರ ಪೆಟ್ಟಿಗೆ ಯಜಮಾನರ ಅಂಗಡಿಯೊಳಗಿತ್ತು. ಅಲ್ಲಿಂದ ನನಗೊಂದು ತಂತಿ, ಮಹಡಿಗೊಂದು ತಂತಿ. ಒಬ್ಬರು ದೊಡ್ಡದೇನಾದರೂ ಇಳಿಸಿಕೊಳ್ಳಲು ಹೊರಟರೆ ಉಳಿದಿಬ್ಬರ ಪರದೆ ನಿಂತೇ ಹೋಗುತ್ತಿತ್ತು. ದಿನಾ ಜಗಳ. ಕೊನೆಗೆ ಮೇಡಮ್ಮೇ ದಾರಿ ಹುಡುಕಿದರು.

"ನಮ್ಮಪ್ಪ ನಾಲೆ ಮೇಲೆ ಮಾಡ್ತಿದ್ದಂಗೆ ಮಾಡಾನ. ಒಬ್ಬೊಬ್ರಿಗೆ ಒಂದೊಂದು ಹೊತ್ತು. ಮೇಲ್ಗದ್ದೆಯೋರು ಅಡ್ಡ ಕಟ್ಕಂಡ್ರೆ ಕೆಳಗದ್ದೆ ಒಣಗ್ತದೆ."

"ಆಗ್ಲಿ ಕಣಮ್ಮ, ಇನ್ಮೇಲೆ ನೀನೇಯ ನಮ್ಗೆ ನೀರುಗಂಟಿ" ಎಂದು ಯಜಮಾನರು ನಕ್ಕು ಒಪ್ಪಿದ್ದರು. ಬೆಳಗಿನ ಹೊತ್ತು ಅವರದು, ಮಧ್ಯಾಹ್ನ ನನ್ನದು, ಸಂಜೆ ಮೇಡಮ್‌ದು. ಅಂಗಡಿಗೆ ರಜೆಯಿರುವ ಭಾನುವಾರ ಪೂರ್ತಿ ಮೇಡಮ್‌ದು.

ಆಗ ಹಳ್ಳಿಯ ಹೆಣ್ಣುಮಕ್ಕಳಿಗೆ ಮೊಬೈಲ್ ಆ್ಯಪ್ ಬರೆಯುವುದನ್ನು ಕಲಿಸುವ ಒಂದು ತರಬೇತಿ ಬಂತು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಕಂಪ್ಯೂಟರಿನಲ್ಲಿ ಇದೆಯೇ ಎಂದು ನೋಡಲು ತರಬೇತಿಯವರು ಸೋಮವಾರ ಬರುವವರಿದ್ದರು. ಇದ್ದರೆ ತರಬೇತಿ ಮೇಡಮ್‌ಗೆ. ಇಲ್ಲದಿದ್ದರೆ ಕೋಣೆಗೆ ಬೀಗ, ಏಕೆಂದರೆ ಟೈಪಿಂಗ್ ಕಲಿಯುವವರು ಆಗಲೇ ಬೆರಳೆಣಿಕೆಗೆ ಇಳಿದಿದ್ದರು. ಸಾಫ್ಟ್‌ವೇರ್ ತಂದುಕೊಡುತ್ತೇನೆಂದು ಮಂಡ್ಯದ ಪರಿಚಯದವರೊಬ್ಬರು ಒಪ್ಪಿದ್ದರು. ಶನಿವಾರ ಸಂಜೆ ಅವರ ಪೆನ್‌ಡ್ರೈವ್ ಹಾಕಿ ನೋಡಿದರೆ ಅದರಲ್ಲಿದ್ದದ್ದು ಪುಟ್ಟದೊಂದು ಫೈಲು. ತೆರೆದರೆ, ಉಳಿದದ್ದನ್ನೆಲ್ಲ ನೆಟ್‌ನಿಂದಲೇ ತರಬೇಕು ಎಂದಿತು.

ಮೇಡಮ್ ನಕ್ಕುಬಿಟ್ಟರು. "ನೋಡಣ್ಣ, ಬೀಜದ ಪ್ಯಾಕೆಟ್ ಒಡದ್ರೆ ಒಳಗೆ ಬರೀ ಬೀಜದಂಗಡಿ ಅಡ್ರೆಸ್ಸು!"

ಆ ರಾತ್ರಿಯೇ ಅವರು ಇಳಿಸಿಕೊಳ್ಳಲು ಶುರುಮಾಡಿದರು. ಭಾನುವಾರ ಬೆಳಿಗ್ಗೆ ನಾನು ಮೆಷಿನ್ ರಿಪೇರಿಗೆಂದು ಬಂದಿದ್ದೆ. ನಡುವೆ ಲೈನು ಕಡಿದರೆ ಮೊದಲಿನಿಂದ ಇಳಿಸಬೇಕಾಗಿತ್ತು, ಹಾಗಾಗಿ ನನ್ನ ಕಂಪ್ಯೂಟರ್ ಮುಟ್ಟಲಿಲ್ಲ. ಮಧ್ಯಾಹ್ನ ಮೇಡಮ್ ಮೆಟ್ಟಿಲಿಂದ ಬಗ್ಗಿ, "ಮುಕ್ಕಾಲು ಬಂತಣ್ಣ" ಎಂದರು. ಆ ಮುಖ ಈಗಲೂ...

ಊಟದ ಹೊತ್ತು ಕಳೆದ ಮೇಲೆ ಯಜಮಾನರು ಬೀಗರನ್ನು ಕರೆತಂದರು. ತಮ್ಮ ಮಗಳನ್ನು ಕೊಡಲಿದ್ದ ಮನೆಯ ಹಿರಿಯರು ಮತ್ತು ಅವರ ಹೆಂಡತಿ. ನಿಶ್ಚಿತಾರ್ಥದ ವಿಡಿಯೊವನ್ನು ಯಾರೋ ನೆಟ್‌ಗೆ ಹಾಕಿದ್ದರು, ಅದನ್ನು ತೋರಿಸುವ ಉತ್ಸಾಹ. ಅಂಗಡಿಯ ಬಾಗಿಲೆತ್ತಿ ಕುರ್ಚಿ ಹಾಕಿದರು. ಪರದೆಯ ಮೇಲೆ ಆರತಿ ತಟ್ಟೆ ಹಿಡಿದ ಕೈ ಬಂದು ನಿಂತಿತು. ನಿಂತೇ ಇತ್ತು.

"ಏನ್ ಬೀಗ್ರೆ, ನಿಮ್ಮ ಆರತಿ ಮುಗಿಯೋ ಒತ್ಗೆ ಮೊಮ್ಮಗ ಉಟ್ತಾನೆ" ಎಂದು ಹಿರಿಯರು ತಮಾಷೆ ಮಾಡಿದರು. ಯಜಮಾನರು ನಗಲಿಲ್ಲ. ಮಹಡಿಯತ್ತ ಮುಖ ಮಾಡಿ ಕೂಗಿದರು. ಮೇಡಮ್ ಅರ್ಧ ಮೆಟ್ಟಿಲಿಗೆ ಬಂದು ನಿಂತರು.

"ನಿಲ್ಸಮ್ಮ ಅದ್ನ."

"ಯಜಮಾನ್ರೆ, ಇನ್ನು ಸ್ವಲ್ಪ ಅಷ್ಟೆ. ಇವತ್ತು ನನ್ನ ಸರದಿ ಅಲ್ವಾ?"

"ಸರದಿಯಾ? ಗದ್ದೆ ಇರೋರ್ಗೆ ಕಣಮ್ಮ ಸರದಿ. ನಿಮ್ಮಪ್ಪ ಜೀವಮಾನೆಲ್ಲ ತೂಬು ಎತ್ತಿದ್ನಲ್ಲ, ಒಂದಿನ ಅವ್ನಿಗಿತ್ತಾ ಸರದಿ?"

ನಾನು ಎದ್ದು ಅವರ ಬಳಿ ಹೋದೆ. "ಅರ್ಧ ಗಂಟೆ ಬುಡಿ ಯಜಮಾನ್ರೆ, ನಾಳೆ ನೋಡಕ್ಕೆ ಬತ್ತಾವ್ರೆ" ಎಂದೆ.

"ನೀ ಸುಮ್ಕಿರ್ಲಾ. ನೀನೂ ಬಾಡಿಗೇಲಿರೋನೇಯ."

"ಓಗ್ಲಿ ಬುಡಿ ಬೀಗ್ರೆ, ಇನ್ನೊಂದಿನ ನೋಡಾನ" ಎಂದರು ಹಿರಿಯರು. ಅಷ್ಟರಲ್ಲಿ ಯಜಮಾನರು ಬಗ್ಗಿ ಮಹಡಿಯ ತಂತಿಯನ್ನು ಕಿತ್ತಿದ್ದರು. ಪರದೆಯ ಮೇಲೆ ಆರತಿ ತಟ್ಟೆ ಮೆಲ್ಲಗೆ ತಿರುಗತೊಡಗಿತು. ಬಾಗಿಲಲ್ಲಿ ಎಳನೀರು ಮಾರುತ್ತಿದ್ದಾಕೆ ಮಚ್ಚು ಕೆಳಗಿಟ್ಟಳು. "ಆ ಎಣ್ಮಗಳ ಒಟ್ಟೆ ಮೇಲೆ ಒಡೆದ್ರಲ್ಲ ಯಜಮಾನ್ರೆ" ಎಂದಳು. ಯಾರೂ ಅವಳತ್ತ ನೋಡಲಿಲ್ಲ.

ನಾನು ಮೇಲೆ ಹೋದಾಗ ಮೇಡಮ್ ಕಂಪ್ಯೂಟರ್ ಆರಿಸಿ, ಅದರ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಬೀಗರು ಹೋದ ಮೇಲೆ ಮತ್ತೆ ಹಾಕೋಣ ಎಂದೆ.

"ಬೇಡಣ್ಣ. ಬೆಳಗಾಗೋದ್ರೊಳಗೆ ಬರಲ್ಲ ಅದು. ನಮ್ಮಪ್ಪಂಗೆ ಈ ಮಾತು ಅಂದಿದ್ರೆ ತೂಬು ಇಳಿಸ್ಬುಟ್ಟು ಮನೆಗೆ ಬರೋರು. ನನ್ ಕೈಲಿ ಇಳಿಸೋಕೂ ಏನಿಲ್ಲ."

ಸೋಮವಾರ ಬಂದವರು ಒಂದೇ ಕಂಪ್ಯೂಟರ್ ತೆರೆದು ನೋಡಿದರು. ಟೈಪಿಂಗ್ ಚೆನ್ನಾಗಿ ಕಲಿಸುತ್ತೀರಂತೆ ಎಂದು ಹೇಳಿ ಹೊರಟರು. ಆ ತಿಂಗಳ ಕೊನೆಗೆ ಮೇಡಮ್ ಕೋಣೆ ಬಿಟ್ಟರು. ಆಮೇಲೆ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಬೆಳಗಿನ ಬಸ್ಸಿನ ಕಿಟಕಿಯಲ್ಲಿ ಎರಡು ಮೂರು ಸಲ ಕಂಡಿದ್ದೆ... ಕಳೆದ ವರ್ಷ ತೀರಿಕೊಂಡರು. ಮಣ್ಣಾದ ಮೇಲೆ ನನಗೆ ಗೊತ್ತಾಯಿತು.

ಈಗ ಆ ಕೋಣೆಯಲ್ಲಿ ಯಜಮಾನರ ಗೊಬ್ಬರದ ಚೀಲಗಳಿವೆ. ಆ ದಿನದ ಮಾತು ಬಂದರೆ ಅವರು, "ಪಾಪ, ಅವತ್ತು ಕರೆಂಟ್ ಓಗ್ಬುಡ್ತು" ಎನ್ನುತ್ತಾರೆ. ಕೇಳಿದವರು ನಂಬುತ್ತಾರೆ. ಕರೆಂಟು ಹೋಗಿರಲಿಲ್ಲ. ಬೀಗರ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಹಿರಿಯ ಬೀಗರು ಈಗಿಲ್ಲ. ಕಂಡವರಲ್ಲಿ ಯಜಮಾನರು ಇದ್ದಾರೆ, ಹಿರಿಯರ ಹೆಂಡತಿ ಇದ್ದಾರೆ, ನಾನಿದ್ದೇನೆ. ಎಳನೀರು ಮಾರುವಾಕೆಯೂ ಇದ್ದಾಳೆ, ಅದೇ ಬಾಗಿಲಲ್ಲಿ.