ಶುಕ್ರವಾರ ಮಾತ್ರ ನೀರು ಬರುತ್ತಿದ್ದ ಬಾವಿ

ದೇವಕ್ಕ ಖಾಲಿ ಕೊಡಪಾನವನ್ನು ನನ್ನ ಮೇಜಿನ ಮೇಲೆ ಠಣ್ ಎಂದು ಕುಕ್ಕಿದರು.

"ರೈಟ್ರೆ, ನಿಮ್ಮ ಎಂಜಿನು ನನ್ನ ಬಾವಿಯ ನೀರು ಕುಡಿತಾ ಉಂಟು."

ಅರವತ್ತರ ದಶಕದ ಒಂದು ಬೇಸಿಗೆ. ಕೊಯಿಲದ ಹತ್ತಿರ ರಸ್ತೆ ಕೆಲಸಕ್ಕೆಂದು ಒಂದು ದೊಡ್ಡ ಗುಂಡಿ ತೋಡಿ ಜಲ್ಲಿ ತೆಗೆಯುತ್ತಿದ್ದರು. ನಾನು ಅಲ್ಲಿ ಲೆಕ್ಕ ಬರೆಯುವ ರೈಟರ್. ಹೊಸ ಕೆಲಸ, ಹೊಸ ಅಂಗಿ, ತಲೆ ತುಂಬ ಎಸ್ಸೆಸ್ಸೆಲ್ಸಿ ಪಾಸಾದ ಗರ್ವ.

ಗುಂಡಿ ಆಳವಾದಂತೆ ಒರತೆ ನೀರು ತುಂಬುತ್ತಿತ್ತು. ಡೀಸೆಲ್ ಎಂಜಿನ್ ಇಟ್ಟು ಆ ನೀರನ್ನು ಮೇಲೆತ್ತಿ, ಅದರಲ್ಲೇ ಜಲ್ಲಿ ತೊಳೆದು, ಕೆಸರನ್ನು ಕೆಳಗೆ ಹರಿಯುವ ತೋಡಿಗೆ ಬಿಡುತ್ತಿದ್ದೆವು. ದೇವಕ್ಕನ ಮನೆ ಅಲ್ಲಿಂದ ನೂರಿನ್ನೂರು ಹೆಜ್ಜೆ ಮೇಲೆ.

ಇಂಥ ದೂರು ಬಂದರೆ ಏನು ಹೇಳಬೇಕೆಂದು ಕಂಟ್ರಾಕ್ಟರು ಮೊದಲೇ ಹೇಳಿಕೊಟ್ಟಿದ್ದರು. ದೇವಕ್ಕನಿಗೆ ಕಿವಿ ಮಂದವಾದ್ದರಿಂದ ನಾನು ಅದನ್ನು ಕೂಗಿಯೇ ಹೇಳಿದೆ.

"ಅಕ್ಕ, ಬಾವಿಯ ನೀರು ಬೇರೆ, ಗುಂಡಿಯ ನೀರು ಬೇರೆ! ಸಂಬಂಧವೇ ಇಲ್ಲ!"

ಓದಿದವನ ಮಾತು. ಪಾಪ, ನಂಬಿ ಹೋದರು.

ಎರಡು ವಾರ ಕಳೆಯಿತು. ಬಾವಿಯಲ್ಲಿ ಕೊಡಪಾನ ಮುಳುಗುವಷ್ಟೂ ನೀರಿಲ್ಲ. ಹೀಗಿರುವಾಗ ಒಂದು ಶುಕ್ರವಾರ ಸಂಜೆ ದೇವಕ್ಕ ಬಾವಿಕಟ್ಟೆಯಲ್ಲಿ ದೀಪ ಹಚ್ಚಿಟ್ಟು ಬಗ್ಗಿ ನೋಡುತ್ತಾರೆ... ನೀರು ಮೇಲೆ ಬಂದಿದೆ!

ಶನಿವಾರ ಮತ್ತೆ ಇಳಿಯಿತು. ಮುಂದಿನ ಶುಕ್ರವಾರ ಮತ್ತೆ ಬಂತು.

ಊರಿಗೆಲ್ಲ ಸುದ್ದಿ. ಶುಕ್ರವಾರ ಸಂಜೆಯಾದರೆ ನೆರೆಹೊರೆಯವರು ಕೊಡಪಾನ ಹಿಡಿದು ಹಾಜರು. ಕಟ್ಟೆಯ ಮೇಲೆ ಹೂವು, ಊದುಬತ್ತಿ. ಯಾರೋ ಹರಕೆಯನ್ನೂ ಹೇಳಿಕೊಂಡರಂತೆ.

ಇದನ್ನು ಒಪ್ಪದವರು ಒಬ್ಬರೇ, ನಮ್ಮ ಎಂಜಿನ್ ನಡೆಸುವ ಅದ್ದಾಕ.

"ದೀಪ ಎಲ್ಲ ಸರಿ ದೇವಕ್ಕ. ಆದ್ರೆ ಜುಮಾದಲ್ಲಿ ನಿಮ್ಮ ಬಾವಿಗೆ ದುವಾ ಮಾಡುದು ನಾನು!"

ಪ್ರತಿ ಶುಕ್ರವಾರ ಬೆಳಿಗ್ಗೆಯೇ ಅವರು ಎಂಜಿನ್ ನಿಲ್ಲಿಸಿ ಕಡಬದ ಮಸೀದಿಗೆ ಹೋಗುತ್ತಿದ್ದರು. ನಮಾಜು ಮುಗಿಸಿ, ತಂಗಿಯ ಮನೆಯಲ್ಲಿ ಉಂಡು, ಸಂಜೆ ಹಿಂತಿರುಗುತ್ತಿದ್ದರು. ಆ ಹೊತ್ತಿನಲ್ಲಿ ಎಂಜಿನ್ ಸುಮ್ಮನಿರುವುದು ಊರಿಗೆಲ್ಲ ಕೇಳುತ್ತಿತ್ತು. ಆದರೆ ಪವಾಡ ನಡೆಯುತ್ತಿರುವಾಗ ಎಂಜಿನ್ನಿನ ಕಡೆ ಯಾರ ಗಮನ ಹೋಗುತ್ತದೆ? ಸಾಲದ್ದಕ್ಕೆ, ಸಂಬಂಧವೇ ಇಲ್ಲ ಎಂದು ನಾನೇ ಸಾರಿದ್ದೆನಲ್ಲ.

ನನಗೆ ಮಾತ್ರ ಪವಾಡದ ಎರಡನೆಯ ವಾರವೇ ಹೊಳೆದಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಸುಮ್ಮನಿದ್ದೆ. ಪವಾಡ ನೋಡಲು ಹೋಗಿ ಪ್ರಸಾದವನ್ನೂ ತಿಂದು ಬಂದೆ.

ನಾಲ್ಕನೆಯ ಶುಕ್ರವಾರ ಅದ್ದಾಕ ಅತ್ತ ಹೋದದ್ದೇ ತಡ, ಇತ್ತ ಕಂಟ್ರಾಕ್ಟರ ಜೀಪು ಬಂತು. ನಾಳೆ ಎಂಜಿನಿಯರು ಬರುತ್ತಾರೆ, ಇವತ್ತು ಎಂಜಿನ್ ನಿಲ್ಲಿಸುವಂತಿಲ್ಲ, ನೀನೇ ಕೂತು ನಡೆಸು ಎಂದರು.

ಸಂಜೆಯವರೆಗೂ ನಡೆಸಿದೆ. ಆಮೇಲೆ ಎಂಜಿನ್ ನಿಲ್ಲಿಸಿ, ಎಣ್ಣೆಗೈಯಲ್ಲೇ ದೇವಕ್ಕನ ಮನೆಯ ಗುಡ್ಡ ಹತ್ತಿದೆ.

ಬಾವಿಯ ಸುತ್ತ ಜನ. ಒಳಗೆ ಬರೀ ಕೆಸರು. ಕಟ್ಟೆಯ ಒಂದು ತುದಿಯಲ್ಲಿ ದೇವಕ್ಕ, ಇನ್ನೊಂದು ತುದಿಯಲ್ಲಿ ಅದ್ದಾಕ. ಇಬ್ಬರೂ ಸಾವಿನ ಮನೆಯಲ್ಲಿ ಕೂತ ಹಾಗಿದ್ದರು.

"ನನ್ನದೇ ತಪ್ಪು," ಎಂದರು ದೇವಕ್ಕ. "ಮೊನ್ನೆ ಹೋಟ್ಲಿಗೆ ಕೊಡುವ ಹಾಲಿಗೆ ಒಂದು ಚೆಂಬು ನೀರು ಸೇರಿಸಿದ್ದೆ."

"ನಿಮ್ಮದಲ್ಲ ದೇವಕ್ಕ, ನನ್ನದು. ಇವತ್ತು ನಮಾಜಲ್ಲಿ ಪೂರಾ ತಂಗಿ ಮನೆಯ ಪತ್ತಿರಿ ರೊಟ್ಟಿಯದ್ದೇ ಯೋಚನೆ..."

ನನಗೆ ತಡೆಯಲಾಗಲಿಲ್ಲ. ದೇವಕ್ಕನ ಹತ್ತಿರ ಹೋಗಿ ಮೆಲ್ಲನೆ ಹೇಳಿದೆ, "ಅಕ್ಕ, ಇವತ್ತು ಎಂಜಿನ್ ನಿಲ್ಲಿಸಿರಲಿಲ್ಲ."

"ಎಂತ?"

"ಎಂಜಿನ್ ನಿಲ್ಲಿಸಿರಲಿಲ್ಲ!"

"ಎಂತ ಮಾರಾಯ್ರೆ, ದೊಡ್ಡಕ್ಕೆ ಹೇಳಿ!"

ಗುಟ್ಟಾಗಿ ತಪ್ಪೊಪ್ಪಿಕೊಳ್ಳಲು ಹೋದವನು ಊರವರ ಮುಂದೆ ಕಿರುಚಬೇಕಾಯಿತು. "ನಾನು ಹೇಳಿದ್ದು ಸುಳ್ಳು! ಎಂಜಿನ್ ನಿಂತರೆ ನೀರು ಬರ್ತದೆ, ನಡೆದರೆ ಇಳಿತದೆ! ನಾಳೆ ಎಂಜಿನಿಯರ್ ಬರ್ತಾರೆ ಅಂತ ಇವತ್ತು ನಿಲ್ಲಿಸಲಿಲ್ಲ!"

ಅದ್ದಾಕ ನನ್ನನ್ನು ನೋಡಿದ ನೋಟಕ್ಕಿಂತ ಎರಡು ಪೆಟ್ಟು ಕೊಟ್ಟಿದ್ದರೆ ಹಗುರವಾಗುತ್ತಿತ್ತು.

ದೇವಕ್ಕ ಬೈಯಲಿಲ್ಲ. "ನಾಳೆ ಎಂಜಿನಿಯರ್ ಬರುದಾ? ಬರ್ಲಿ," ಎಂದಷ್ಟೇ ಹೇಳಿ ದೀಪ ಎತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆಯಿಂದ ಅದ್ದಾಕ ಎಂದಿನಂತೆ ಎಂಜಿನ್ ನಡೆಸಿದರು. ಬಿಸಿಲೇರುವ ಹೊತ್ತಿಗೆ ಎಂಜಿನಿಯರು ಬಂದರು. ಗುಂಡಿಯನ್ನು ಸುತ್ತಿ ಸುತ್ತಿ ಬಾಯಾರಿತು. ಹತ್ತಿರದ ಮನೆ ದೇವಕ್ಕನದೇ. ಕಂಟ್ರಾಕ್ಟರು ಅಲ್ಲಿಗೇ ಕರೆತಂದರು.

ದೇವಕ್ಕ ಮಣೆ ಹಾಕಿ ಕೂರಿಸಿದರು. ತಟ್ಟೆಯಲ್ಲಿ ಬೆಲ್ಲ, ಪಕ್ಕದಲ್ಲಿ ಫಳಫಳ ಹೊಳೆಯುವ ಲೋಟ. ಎಂಜಿನಿಯರು ಬೆಲ್ಲ ಬಾಯಿಗೆ ಹಾಕಿ ಲೋಟ ಎತ್ತಿದರೆ, ಖಾಲಿ!

"ನೀರು?"

"ನೀರು ಕೆಳಗೆ ಗುಂಡಿಯಲ್ಲಿ ಉಂಟು ಸ್ವಾಮಿ. ಎಂಜಿನ್ ನಿಲ್ಸಿದ್ರೆ ಇಲ್ಲಿಗೆ ಬರ್ತದೆ. ಅಷ್ಟರವರೆಗೆ ಬೆಲ್ಲ ತಿನ್ನಿ."

ಕಂಟ್ರಾಕ್ಟರ ಮುಖ ನೋಡಬೇಕಿತ್ತು. ಆದರೆ ಎಂಜಿನಿಯರು ಹಟದ ಮನುಷ್ಯ. ಎಂಜಿನ್ ನಿಲ್ಲಿಸಲು ಹೇಳಿದರು. ಬಾವಿಗೆ ಒಬ್ಬ ಆಳನ್ನು ಇಳಿಸಿ, ನೀರಿದ್ದ ಮಟ್ಟಕ್ಕೆ ಸುಣ್ಣದ ಗೆರೆ ಎಳೆಸಿದರು. ಯಾರೋ ತಂದುಕೊಟ್ಟ ಎಳನೀರು ಕುಡಿದು ಅಲ್ಲೇ ಕಾದರು. ಮಧ್ಯಾಹ್ನ ದಾಟುವಷ್ಟರಲ್ಲಿ ಗೆರೆ ಮುಳುಗಿತ್ತು.

ಅಂದಿನಿಂದ, ಎಂಜಿನಿಯರ ಆಜ್ಞೆಯಂತೆ, ಎಂಜಿನ್ ದಿನಕ್ಕೆ ಅರ್ಧ ಹೊತ್ತು ಮಾತ್ರ. ತೊಳೆದ ನೀರು ತೋಡಿಗೆ ಹೋಗದೆ ಎರಡು ಹೊಂಡಗಳಲ್ಲಿ ನಿಂತು, ಕೆಸರು ತಳಕ್ಕಿಳಿದು, ಮತ್ತೆ ತೊಳೆಯುವುದಕ್ಕೇ ಬರಬೇಕು. ಮಿಕ್ಕ ತಿಳಿನೀರನ್ನು ದೇವಕ್ಕನ ಬಾವಿಯ ಮೇಲ್ಗಡೆ ಕಾಲುವೆಯಂಥ ಕಣಿ ತೋಡಿ ಅಲ್ಲಿ ಇಂಗಿಸಬೇಕು.

"ಊರಿಗೆ ಕೇಳುವ ಹಾಗೆ ಕಿರುಚಿದವ ನೀನಲ್ವಾ? ಕಣಿ ತೋಡುದೂ ನೀನೇ," ಎಂದು ಕಂಟ್ರಾಕ್ಟರು ನನ್ನ ಕೈಗೆ ಹಾರೆ ಕೊಟ್ಟರು. ಕೆಲಸವೇನೋ ಉಳಿಯಿತು, ಅಂಗೈ ಉಳಿಯಲಿಲ್ಲ.

ಆ ವರ್ಷ ಮಳೆ ಹಿಡಿಯುವವರೆಗೂ ಬಾವಿ ಬತ್ತಲಿಲ್ಲ. ದೇವಕ್ಕ ಮತ್ತು ಅದ್ದಾಕನ ಜಗಳವೂ ಬತ್ತಲಿಲ್ಲ. ಎಂಜಿನಿಯರಿಗೆ ಆ ಬುದ್ಧಿ ಹುಟ್ಟಿಸಿದ್ದು ದೀಪವೋ ದುವಾವೋ ಎಂಬುದು ಹೊಸ ವಿಷಯ.

ನನಗೆ ಈಗ ಎಂಬತ್ತು ದಾಟಿದೆ. ಈಗಲೂ ನಾಚಿಕೆಯಾಗುವುದು ಆಗ ಹೇಳಿದ ಸುಳ್ಳಿಗಲ್ಲ, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದ ಆ ವಾರಗಳಿಗೆ... ಅಂಥ ವಾರಗಳು ನಿಮಗೂ ಇವೆಯೇ?